ರಾತ್ರಿ ಹತ್ತರ ನಂತರದ ಆಟ: ಒಂದು ಪ್ರಶ್ನೆ, ಹಲವರ ಅನುಭವ

ಪ್ರಶ್ನೆ (ಉಡುಪಿ, ಕುಂಜಿಬೆಟ್ಟು)

ನನ್ನ ಗಂಡನಿಗೆ ಮೂವತ್ತಾರು ವರ್ಷ. ಲೆಕ್ಕಪತ್ರದ ಕೆಲಸ. ರಾತ್ರಿ ಮಗಳು ಮಲಗಿದ ಮೇಲೆ ಲ್ಯಾಪ್‌ಟಾಪ್ ತೆರೆದರೆ ಏಳುವುದು ಹನ್ನೆರಡಕ್ಕೆ. ಕಳೆದ ವಾರ ನೀರಿನ ಚೊಂಬು ಇಡಲು ಹೋದಾಗ ಪರದೆಯ ಮೇಲೆ ‘ಹದಿನೆಂಟು ದಾಟಿದವರಿಗೆ ಮಾತ್ರ’ ಎಂಬ ಅರ್ಥದ ಎಚ್ಚರಿಕೆ ಕಂಡಿತು. ಕೇಳಿದೆ. ಯಾರೋ ಒಬ್ಬರೇ ಕುಳಿತು ಮಾಡಿದ ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಕಥೆಯೊಳಗಿನ ಒಂದು ಪಾತ್ರವಾಗಿ ಆಡುವ ಆಟ, ಕಥೆ ಚೆನ್ನಾಗಿದೆ ಎಂದರು. ಅಷ್ಟು ಹೇಳುವಾಗಲೇ ಮುಖ ಕೆಂಪಾಗಿತ್ತು. ಜಗಳ ಮಾಡುವ ಮನಸ್ಸು ನನಗಿಲ್ಲ, ಸುಮ್ಮನಿರುವುದಕ್ಕೂ ಆಗುತ್ತಿಲ್ಲ. ದೊಡ್ಡವರು ಇಂಥ ಆಟಗಳಲ್ಲಿ ಕಾಣುವ ಸುಖ ಯಾವುದು? ಆಡುವವರೇ ಹೇಳಿದರೆ ಉಪಕಾರ.

ಕದ್ರಿಯಿಂದ

ಅಕ್ಕ, ನಾನು ಬ್ಯಾಂಕಿನಲ್ಲಿದ್ದೇನೆ. ನಲವತ್ತೊಂದು ವರ್ಷ, ಎರಡು ಮಕ್ಕಳು. ನಾನೂ ಆಡುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸುತ್ತೇನೆ. ಬೆತ್ತಲೆ ಚಿತ್ರಗಳಿರುವ ಆಟಕ್ಕೂ ‘ವಯಸ್ಕರಿಗೆ’ ಎಂಬ ಚೀಟಿ ಅಂಟಿಸುತ್ತಾರೆ. ಕುಡಿತ, ಸಾಲ, ಮುರಿದ ದಾಂಪತ್ಯ, ಸಾವುಗಳನ್ನು ಮುಚ್ಚುಮರೆಯಿಲ್ಲದೆ ಹೇಳುವ ಆಟಕ್ಕೂ ಅದೇ ಚೀಟಿ. ಕೆಲವದರಲ್ಲಿ ಎರಡೂ ಇರುತ್ತವೆ. ನಾನು ಬಲ್ಲದ್ದು ಎರಡನೆಯ ಬಗೆ, ಅದನ್ನಷ್ಟೇ ಹೇಳುತ್ತೇನೆ.

‘ಡಿಸ್ಕೊ ಎಲಿಸಿಯಂ’ ಎಂಬ ಆಟ 2019ರ ಅಕ್ಟೋಬರ್‌ನಲ್ಲಿ ಬಂತು. ಎಸ್ಟೋನಿಯಾದ ಗೆಳೆಯರ ಒಂದು ಗುಂಪು ಮೇಜಿನ ಸುತ್ತ ಕುಳಿತು ಪಾತ್ರ ವಹಿಸಿ ಆಡುತ್ತಿದ್ದ ಕಾಲ್ಪನಿಕ ಲೋಕವೇ ಅದರ ಬೇರು. ಅದರ ನಾಯಕ ಒಬ್ಬ ಪೊಲೀಸ್ ಪತ್ತೇದಾರ. ಕುಡಿದು ಕುಡಿದು ತನ್ನ ಹೆಸರನ್ನೂ ಮರೆತು ಹಾಸ್ಟೆಲ್ ಕೋಣೆಯೊಂದರ ನೆಲದ ಮೇಲೆ ಎಚ್ಚರಗೊಳ್ಳುತ್ತಾನೆ. ಮೇಲೆ ಸೀಲಿಂಗ್ ಫ್ಯಾನಿಗೆ ಅವನ ಟೈ ಸಿಕ್ಕಿಕೊಂಡು ತಿರುಗುತ್ತಿದೆ. ಆಟ ಶುರುಮಾಡುವಾಗ ಅವನ ದೇಹಬಲಕ್ಕೆ ಕಡಿಮೆ ಅಂಕ ಕೊಟ್ಟಿದ್ದರೆ, ಆ ಟೈಯನ್ನು ಎಳೆದು ತೆಗೆಯಲು ಹೋಗಿಯೇ ಹೃದಯ ನಿಂತು ಸಾಯಬಹುದು. ನನ್ನ ಪತ್ತೇದಾರ ಹಾಗೆಯೇ ಸತ್ತ. ಆಡಲು ಕುಳಿತು ಹತ್ತು ನಿಮಿಷವೂ ಆಗಿರಲಿಲ್ಲ. ನನ್ನನ್ನು ವೀರನೆಂದು ಹೊಗಳುವ ಆಟ ಇದಲ್ಲ ಎಂದು ನನಗೆ ಆಗಲೇ ತಿಳಿಯಿತು.

ಅದರಲ್ಲಿ ಕಾಳಗಕ್ಕೆಂದು ಬೇರೆ ಏರ್ಪಾಡಿಲ್ಲ. ಗುಂಡು ಹಾರುವ ಹೊತ್ತೂ ಮಾತಿನ ಮೂಲಕವೇ ಸಾಗುತ್ತದೆ. ಅವನೊಳಗಿನ 24 ಗುಣಗಳು, ಅಂದರೆ ತರ್ಕ, ಸಹಾನುಭೂತಿ, ಅಧಿಕಾರ ಮುಂತಾದವು, ತಲೆಯಲ್ಲಿ ಒಂದೊಂದು ದನಿಯಾಗಿ ಬುದ್ಧಿ ಹೇಳುತ್ತವೆ, ದಾರಿಯನ್ನೂ ತಪ್ಪಿಸುತ್ತವೆ. ಯಾರ ಮಾತು ಕೇಳಬೇಕು, ಎದುರಿಗಿರುವ ಮುದುಕಿಗೆ ಏನು ಉತ್ತರಿಸಬೇಕು ಎಂದು ಆರಿಸುವುದು ನಮ್ಮ ಕೆಲಸ.

ಇದನ್ನು ಆಡುವಾಗ ನನಗೆ ನೆನಪಾದದ್ದು ತಾಳಮದ್ದಳೆ. ಪತ್ತನಾಜೆ ಕಳೆದು ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ ಅಪ್ಪ ನನ್ನನ್ನು ಕೂಟಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ ಮುಗಿದ ಮೇಲೆ ಪಂಚೆ, ಶಲ್ಯದ ಅರ್ಥಧಾರಿಯೊಬ್ಬರು ವಾಲಿಯಾಗಿ ಬಾಯಿ ತೆರೆಯುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ರಾಮನನ್ನು ಕೇಳುತ್ತಾರೆ. ವಾಲಿ ಸಾಯುತ್ತಾನೆ ಎನ್ನುವುದು ಸಭೆಯಲ್ಲಿರುವ ಮಗುವಿಗೂ ಗೊತ್ತು. ಆದರೂ ಆ ರಾತ್ರಿ ಅವನು ಯಾವ ಮಾತನ್ನಾಡಿ ಸಾಯುತ್ತಾನೆ ಎಂಬುದಕ್ಕೆ ಜನ ನಿದ್ದೆಗೆಟ್ಟು ಕುಳಿತಿರುತ್ತಾರೆ. ಪ್ರಸಂಗ ಅದೇ, ಅರ್ಥ ಬೇರೆ. ಇಂಥ ಆಟದಲ್ಲಿ ಆ ಅರ್ಥಧಾರಿಯ ಜಾಗದಲ್ಲಿ ನಾನು ಕುಳಿತಿರುತ್ತೇನೆ. ಹಗಲಿಡೀ ಕೌಂಟರ್‌ನಲ್ಲಿ ಒಂದೇ ಬಗೆಯ ವಿನಯದ ಮಾತನ್ನಾಡುವ ನನಗೆ ರಾತ್ರಿ ಇನ್ನೊಬ್ಬನ ಬಾಯಿಯಿಂದ ಮಾತಾಡುವ ಅವಕಾಶ ಸಿಗುತ್ತದೆ. ಆಡಿದ ಮಾತಿನ ಫಲವನ್ನು ಅಲ್ಲೇ ಉಣ್ಣಬೇಕು. ನನ್ನ ಸುಖ ಇದೇ, ಅಕ್ಕ.

ಸುರತ್ಕಲ್‌ನಿಂದ

ಮೇಲಿನವರು ಬಿಟ್ಟ ಬಗೆಯನ್ನು ನಾನು ಹೇಳುತ್ತೇನೆ. ನಾನು ಹಡಗಿನ ಎಂಜಿನ್ ವಿಭಾಗದವನು. ಒಮ್ಮೆ ಹೋದರೆ ಆರೇಳು ತಿಂಗಳು. ನಡುಗಡಲಿನಲ್ಲಿ ನೆಟ್ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಬಂದರಿನಲ್ಲಿ ಇಳಿಸಿಕೊಂಡ ಸಣ್ಣ ಸಣ್ಣ ಆಟಗಳೇ ಗತಿ, ಒಬ್ಬರೋ ಇಬ್ಬರೋ ಮಾಡಿದವು.

ಬೆತ್ತಲೆಯಿರುವ ಆಟಗಳನ್ನೂ ಆಡಿದ್ದೇನೆ. ಮೊದಲು ಎಳೆಯುವುದು ಕಾಮದ ಕುತೂಹಲವೇ, ಅದನ್ನು ಅಲ್ಲಗಳೆದರೆ ನಿಮಗೆ ಸುಳ್ಳು ಹೇಳಿದಂತಾಗುತ್ತದೆ, ಅಕ್ಕ. ಮನೆ ಬಿಟ್ಟು ಆರು ತಿಂಗಳಿರುವವನಿಗೆ ಆ ಹಸಿವು ಇರುತ್ತದೆ. ಆದರೆ ಅಷ್ಟಕ್ಕೇ ಆದರೆ ಯಾರೂ ನಲವತ್ತು ಗಂಟೆ ಕುಳಿತು ಓದುವುದಿಲ್ಲ. ಹೌದು, ಓದುವುದು, ಇವುಗಳಲ್ಲಿ ಬಹುಪಾಲು ಮಾತುಕತೆಯೇ. ಎರಡನೆಯ ಭಾಗದಲ್ಲಿ ನಾನು ಆಡಿದ ಒಂದು ಮಾತನ್ನು ಏಳನೆಯ ಭಾಗದಲ್ಲಿ ಒಬ್ಬಳು ನೆನಪಿಟ್ಟು ಕೇಳುತ್ತಾಳೆ. ಹಡಗಿನಲ್ಲಿ ಇಪ್ಪತ್ತು ಜನ ಗಂಡಸರು. ಪಾಳಿ ಬದಲಾಗುವಾಗ ಯಂತ್ರದ ಬಿಸಿ, ಒತ್ತಡದ ಲೆಕ್ಕ ಒಪ್ಪಿಸುತ್ತೇವೆ. ನಿನ್ನೆ ನಾನು ಏನು ಹೇಳಿದ್ದೆ ಎಂದು ನೆನಪಿಟ್ಟು ಕೇಳುವವರು ಅಲ್ಲಿ ಯಾರೂ ಇಲ್ಲ.

ಇವು ಕಂತುಗಳಲ್ಲಿ ಬರುತ್ತವೆ. ಅಭಿಮಾನಿಗಳು ಪೇಟ್ರಿಯಾನ್‌ನಂಥ ತಾಣಗಳಲ್ಲಿ ತಿಂಗಳಿಗಿಷ್ಟು ಎಂದು ಕೊಡುತ್ತಾರೆ, ಮಾಡುವವನು ಅದರಿಂದ ಮುಂದಿನ ಭಾಗ ಕಟ್ಟುತ್ತಾನೆ. ಅಮ್ಮ ಮಣಿಪಾಲದ ‘ತರಂಗ’ಕ್ಕೆ ಕಾದು ಕುಳಿತು ಧಾರಾವಾಹಿಯ ಪುಟವನ್ನೇ ಮೊದಲು ತೆರೆಯುತ್ತಿದ್ದರು. ಹೊಸ ಕಂತು ಇಳಿಸಿಕೊಳ್ಳುವಾಗ ನನ್ನ ಮನಸ್ಸು ಹಾಗೆಯೇ ಇರುತ್ತದೆ.

ಕೆಟ್ಟವು ಬಹಳ ಇವೆ. ಉಡುಗೊರೆ ಕೊಟ್ಟು ಅಂಕ ಕೂಡಿಸಿದರೆ ಹೆಣ್ಣು ಒಲಿಯಲೇಬೇಕು ಎಂಬ ಲೆಕ್ಕದಲ್ಲಿ ಕಟ್ಟಿದವುಗಳನ್ನು ನಾನು ಅರ್ಧದಲ್ಲೇ ಬಿಟ್ಟುಬಿಡುತ್ತೇನೆ. ಅವಳು ಬೇಡ ಎನ್ನಬಹುದಾದ, ಬೇಡ ಎಂದ ಮೇಲೂ ಕಥೆ ಮುಂದುವರಿಯುವ ಆಟ ಒಳ್ಳೆಯದು. ನಿಮ್ಮ ಯಜಮಾನರನ್ನು ಕೇಳುವುದಿದ್ದರೆ ಇದನ್ನು ಕೇಳಿ: ಆ ಹುಡುಗಿ ಬೇಡ ಎಂದರೆ ಏನಾಗುತ್ತದೆ? ಉತ್ತರದಿಂದ ಆಟವೂ ತಿಳಿಯುತ್ತದೆ, ಅವರ ರುಚಿಯೂ ತಿಳಿಯುತ್ತದೆ.

ಕೊನೆಗೆ ಇನ್ನೊಂದು. ನನ್ನನ್ನು ಅಳಿಸಿದ ಆಟದಲ್ಲಿ ಬೆತ್ತಲೆ ಇರಲೇ ಇಲ್ಲ. 2011ರ ‘ಟು ದ ಮೂನ್’. ಸಾಯುತ್ತಿರುವ ಮುದುಕನೊಬ್ಬನಿಗೆ ಚಂದ್ರನಿಗೆ ಹೋಗುವ ಆಸೆ, ಏಕೆ ಎಂದು ಅವನಿಗೇ ತಿಳಿಯದು. ಇಬ್ಬರು ವೈದ್ಯರು ಅವನ ನೆನಪುಗಳೊಳಗೆ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾರೆ. ನಾಲ್ಕೈದು ಗಂಟೆಯ ಆಟ, ಉಗುರಿನಷ್ಟು ಗೊಂಬೆಗಳು. ಮುಗಿಸಿದ ಮೇಲೆ ಡೆಕ್ಕಿಗೆ ಹೋಗಿ ಬಹಳ ಹೊತ್ತು ನಿಂತಿದ್ದೆ.

ಮಣಿಪಾಲದಿಂದ

ಒಬ್ಬರೇ ಏಕೆ ಮಾಡುತ್ತಾರೆ ಎನ್ನುವುದಕ್ಕೆ ಮಾತ್ರ ನನ್ನ ಉತ್ತರ. ಅಮೆರಿಕದ ವರ್ಗೀಕರಣದಲ್ಲಿ ‘ವಯಸ್ಕರಿಗೆ ಮಾತ್ರ’ ಎಂಬ ಮುದ್ರೆ ಬಿದ್ದ ಆಟಕ್ಕೆ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊದಂಥ ಆಟದ ಯಂತ್ರಗಳ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತದೆ. ದೊಡ್ಡ ಸಂಸ್ಥೆಗಳಿಗೆ ಆ ನಷ್ಟ ಬೇಡ. ಹೀಗೆ ಆ ಹೊಲ ಸಣ್ಣವರ ಪಾಲಿಗೆ ಉಳಿಯಿತು. ಸಲಕರಣೆಗಳೂ ಅಗ್ಗವಾಗಿ ಸಿಗುತ್ತವೆ. ಮಾತು, ಚಿತ್ರ ಜೋಡಿಸಿ ಕಥೆಯ ಆಟ ಕಟ್ಟುವ ‘ರೆನ್‌ಪೈ’ 2004ರಿಂದ ಉಚಿತವಾಗಿ ಸಿಗುತ್ತಿದೆ, ‘ಆರ್‌ಪಿಜಿ ಮೇಕರ್’ ಹಿಡಿದರೆ ಪ್ರೋಗ್ರಾಮಿಂಗ್ ಅಷ್ಟಾಗಿ ತಿಳಿಯದವರೂ ಊರು, ಮನೆ, ಮಾತುಕತೆ ಕಟ್ಟಬಹುದು. ಕಂಪ್ಯೂಟರ್ ಆಟಗಳನ್ನು ನೆಟ್‌ನಲ್ಲಿ ಮಾರುವ ಸ್ಟೀಮ್ ಅಂಗಡಿ 2018ರ ಸೆಪ್ಟೆಂಬರ್‌ನಿಂದ ಕಾಮದ ದೃಶ್ಯಗಳನ್ನು ಮುಚ್ಚುಮರೆಯಿಲ್ಲದೆ ತೋರಿಸುವ ಆಟಗಳಿಗೂ ಜಾಗ ಕೊಟ್ಟಿತು. 2025ರ ಜುಲೈಯಲ್ಲಿ ಹಣ ಪಾವತಿ ಸಂಸ್ಥೆಗಳ ಒತ್ತಡದಿಂದ ಅಲ್ಲಿ ಹಲವು ಆಟಗಳನ್ನು ತೆಗೆದರು. ಇಚ್ ಎಂಬ ಇನ್ನೊಂದು ಅಂಗಡಿ ಇಂಥ ಆಟಗಳನ್ನು ಹುಡುಕಾಟದಲ್ಲಿ ಕಾಣದಂತೆ ಮಾಡಿತು.

ಒಂಟಿ ಕೈಯ ಕೆಲಸದಲ್ಲಿ ಆ ಒಬ್ಬನ ದನಿ ಕೇಳಿಸುತ್ತದೆ. ಕೆಲವು ಕಡೆ ಚಿತ್ರ ಒರಟು, ಅಕ್ಷರ ತಪ್ಪು. ಆದರೆ ನೂರು ಜನರ ಸಭೆಯಲ್ಲಿ ಒಪ್ಪಿಗೆ ಪಡೆದ ವಾಕ್ಯ ಅಲ್ಲಿರುವುದಿಲ್ಲ. ನಾನೂ ಸಂಜೆ ಹೊತ್ತು ಒಂದನ್ನು ಕಟ್ಟುತ್ತಿದ್ದೇನೆ: ಉಡುಪಿಯಿಂದ ಮಂಗಳೂರಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್, ಇನ್ನೆರಡು ತಿಂಗಳಲ್ಲಿ ಅವನ ತಂಗಿಯ ಮದುವೆ, ಕೈಯಲ್ಲಿ ಬೇರೆಯವರ ಹಣದ ಚೀಲ. ಮೂಲ್ಕಿ ದಾಟುವುದರೊಳಗೆ ಅವನು ತೀರ್ಮಾನಿಸಬೇಕು. ಇದನ್ನು ಮಕ್ಕಳಿಗಾಗಿ ಬರೆಯಲು ನನ್ನಿಂದ ಆಗುವುದಿಲ್ಲ.

ಕಂಕನಾಡಿಯಿಂದ

ಹೆಂಗಸರೂ ಆಡುತ್ತೇವೆ ಎಂದು ಹೇಳಲಿಕ್ಕಾಗಿಯೇ ಬರೆಯುತ್ತಿದ್ದೇನೆ. ನಾನು ನರ್ಸ್. ರಾತ್ರಿ ಪಾಳಿ ಮುಗಿಸಿ ಬಂದ ಮೇಲೆ ಕೂಡಲೇ ನಿದ್ದೆ ಹತ್ತುವುದಿಲ್ಲ. 2022ರಲ್ಲಿ ಬಂದ ‘ಸಿಟಿಜನ್ ಸ್ಲೀಪರ್’ ನನ್ನ ಮೆಚ್ಚಿನದು. ಬರವಣಿಗೆ, ಕಟ್ಟೋಣ ಮುಖ್ಯವಾಗಿ ಒಬ್ಬರದೇ. ಕಂಪನಿಯೊಂದಕ್ಕೆ ಸೇರಿದ ಕೃತಕ ದೇಹ, ಅದರೊಳಗೆ ಮನುಷ್ಯನ ಮನಸ್ಸು. ತಪ್ಪಿಸಿಕೊಂಡು ಬಂದು ಬಾಹ್ಯಾಕಾಶದ ಹಳೆಯ ನಿಲ್ದಾಣವೊಂದರಲ್ಲಿ ಕೂಲಿ ಮಾಡಿ ಬದುಕಬೇಕು. ಪ್ರತಿ ಸುತ್ತಿನ ಆರಂಭದಲ್ಲಿ ದಾಳಗಳು ಸಿಗುತ್ತವೆ, ಹೆಚ್ಚೆಂದರೆ ಐದು. ಯಾವ ಕೆಲಸ ಮಾಡುವುದಿದ್ದರೂ ಒಂದು ದಾಳ ಇಡಬೇಕು. ದೇಹ ಹದಗೆಟ್ಟಷ್ಟೂ ದಾಳ ಕಡಿಮೆ. ಔಷಧಿಗೆ ಹಣ ಬೇಕು, ಹಣಕ್ಕೆ ದುಡಿಯಬೇಕು, ದುಡಿಯಲು ದಾಳ ಬೇಕು.

ಒಂದು ಬೆಳಗ್ಗೆ ನನ್ನ ಪಾತ್ರಕ್ಕೆ ಎರಡೇ ದಾಳ ಬಿದ್ದವು, ಒಂದು ಮತ್ತು ಎರಡು. ಹನ್ನೆರಡು ಗಂಟೆ ನಿಂತು ಬಂದ ನನ್ನ ಕಾಲು ಆಗ ಮಂಚದ ಮೇಲೆ ದಿಂಬಿನ ಮೇಲಿತ್ತು. ಇಂದು ನನ್ನ ಕೈಯಲ್ಲಿರುವುದೂ ಇಷ್ಟೇ ಎಂದು ಅನ್ನಿಸಿ ಕಣ್ಣು ತುಂಬಿತು. ಯಾರೋ ಪರಊರಿನವರಿಗೆ ನನ್ನ ದಣಿವು ಗೊತ್ತಿದೆಯಲ್ಲ ಎಂಬ ಸಮಾಧಾನ. ರಾಜಕುಮಾರಿಯನ್ನು ಬಿಡಿಸುವ ಆಟಗಳಲ್ಲಿ ಅದು ನನಗೆ ಎಂದೂ ಸಿಕ್ಕಿಲ್ಲ.

ಅಕ್ಕ, ನಿಮ್ಮ ಮಗಳು ಅದೇ ಲ್ಯಾಪ್‌ಟಾಪ್ ಮುಟ್ಟುತ್ತಾಳಾದರೆ ಅವಳಿಗೆ ಬೇರೆ ಲಾಗಿನ್ ಮಾಡಿಕೊಡಿ, ನಿಮ್ಮವರ ಲಾಗಿನ್‌ಗೆ ಪಾಸ್‌ವರ್ಡ್ ಇರಲಿ. ಇದನ್ನು ನಾಳೆಗೆ ಹಾಕಬೇಡಿ.

ಕಾರ್ಕಳದಿಂದ

ಎಲ್ಲರೂ ಒಳ್ಳೆಯದನ್ನೇ ಹೇಳಿದ್ದೀರಿ ಮಾರಾಯರೇ, ನನ್ನದು ಬೇರೆ. ಅಪ್ಪ ತೀರಿಕೊಂಡ ವರ್ಷ ನಾನು ಇಂಥ ಆಟಗಳಲ್ಲಿ ಮುಳುಗಿದ್ದೆ. ಒಂದು ಮುಗಿದರೆ ಇನ್ನೊಂದು, ಐದಾರು ಜನರಿಗೆ ತಿಂಗಳ ಹಣ. ಹೆಂಡತಿ ಕೋಣೆಗೆ ಬಂದರೆ ಪರದೆ ಮಡಚುತ್ತಿದ್ದೆ. ಆಟದಲ್ಲಿ ತಪ್ಪಿದರೆ ಹಿಂದೆ ಉಳಿಸಿಟ್ಟ ಹಂತಕ್ಕೆ ಹೋಗಿ ಮತ್ತೆ ಆರಿಸಬಹುದು. ಆಸ್ಪತ್ರೆಯಲ್ಲಿ ಅಪ್ಪನ ಬಳಿ ಆಡದೆ ಉಳಿದ ಮಾತಿಗೆ ಆ ಅನುಕೂಲ ಇರಲಿಲ್ಲ. ಅದಕ್ಕೇ ಅಲ್ಲಿ ಕುಳಿತಿರುತ್ತಿದ್ದೆ ಎಂದು ಈಗ ತಿಳಿಯುತ್ತದೆ.

ಆಟ ಬಿಡಿಸಲು ಹೆಂಡತಿ ಹಟ ಹಿಡಿಯಲಿಲ್ಲ. ಒಂದು ರಾತ್ರಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತು, ಇವನು ಯಾರು, ಇವಳೇಕೆ ಅಳುತ್ತಿದ್ದಾಳೆ ಎಂದು ಕೇಳಿದಳು. ಹೇಳುತ್ತಾ ಹೇಳುತ್ತಾ ಅಪ್ಪನ ವಿಷಯ ಬಂತು. ತಂಗೀ, ನಿಮ್ಮವರು ಪರದೆ ಮಡಚುತ್ತಾರೋ ಇಲ್ಲವೋ ನೋಡಿ. ಮಡಚದವರ ಬಗ್ಗೆ ನನಗೆ ಹೆದರಿಕೆಯಿಲ್ಲ. ನಿದ್ದೆ, ಹಣ, ಮನೆಯ ಮಾತುಕತೆ, ಇವುಗಳಲ್ಲಿ ಯಾವುದಾದರೂ ಸೋರುತ್ತಿದ್ದರೆ ಸುಮ್ಮನಿರಬೇಡಿ.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಎಲ್ಲರಿಗೂ ವಂದನೆ. ಲಾಗಿನ್ ಬೇರೆ ಮಾಡಿದ್ದಾಯಿತು. ಸುರತ್ಕಲ್‌ನ ಅಣ್ಣ ಹೇಳಿದ ಪ್ರಶ್ನೆಯನ್ನು ಹಾಗೆಯೇ ಕೇಳಿದೆ. ಇವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿದರು. ಮತ್ತೆ, ಅವಳು ಬೇಡ ಎಂದೇ ಹೇಳಿದ್ದು, ನಾನು ಆಡುತ್ತಿರುವುದು ಅದರ ನಂತರದ ಕಥೆ ಎಂದರು. ಆ ಹುಡುಗಿ ಈಗ ಬೇರೆ ಊರಿನಲ್ಲಿ ಅಂಗಡಿ ಇಟ್ಟಿದ್ದಾಳಂತೆ, ಇವರ ಪಾತ್ರ ಅವಳಿಗೆ ಕಾಗದ ಬರೆಯುತ್ತದಂತೆ. ನಡುವೆ ನನಗೆ ಹಿಡಿಸದ ದೃಶ್ಯಗಳೂ ಇವೆ, ಅದನ್ನೂ ಹೇಳಿದೆ. ಅವನ್ನು ದಾಟಿಸಿ ಮುಂದೆ ಹೋಗುವ ಗುಂಡಿ ಇದೆಯೆಂದು ತೋರಿಸಿದರು.

ಮೊನ್ನೆ ಗಾಳಿಮಳೆಗೆ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯೂ ಮುಗಿಯಿತು. ಕತ್ತಲಲ್ಲೇ ಆ ಊರಿನ ಉಳಿದ ಕಥೆಯನ್ನು ಇವರು ಹೇಳುತ್ತಾ ಹೋದರು. ಕಾಗದದಲ್ಲಿ ಏನು ಬರೆಯಬೇಕಿತ್ತು ಎಂದು ನಾನು ನನಗೆ ತೋಚಿದ್ದನ್ನು ಹೇಳಿದೆ. ಹಾಗೆ ಬರೆಯುವ ಅವಕಾಶ ಆಟದಲ್ಲಿ ಇಲ್ಲವಂತೆ. ಮಾಡಿದವನಿಗೆ ತಿಳಿಸುತ್ತೇನೆ ಎಂದು ಇವರು ಬೆಳಗ್ಗೆ ಎದ್ದವರೇ ಅವನಿಗೆ ಬರೆದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.