ಶಿರಸಿ ಪೇಟೆಯ ಹಳೇ ಅಂಗಡಿ: ಉದ್ರಿ ನಿಲ್ಲಿಸಿದರೆ ಉಳಿಯುತ್ತದಾ?

ಪೇಟೆ ಮಗಳು, ಶಿರಸಿ

ಎಲ್ಲರಿಗೂ ನಮಸ್ಕಾರ. ಸಿ.ಪಿ. ಬಜಾರದ ಹತ್ತಿರ ನಮ್ಮದೊಂದು ಸಣ್ಣ ಅಂಗಡಿ ಇದೆ. ಕತ್ತಿ, ಹಗ್ಗ, ಅಡಿಕೆ ಕೊನೆ ಇಳಿಸುವ ಮಿಣಿ, ಹಾರೆ, ಪಿಕಾಸಿ ಮಾರುತ್ತೇವೆ. ಮಳೆಗಾಲಕ್ಕೆ ಮೈಲುತುತ್ತ, ಸುಣ್ಣ, ರಾಳ, ಪ್ಲಾಸ್ಟಿಕ್ ಕೊಪ್ಪೆ. ಅಪ್ಪ ನಲವತ್ತೊಂದು ವರ್ಷ ಕೂತ ಗಲ್ಲಾದಲ್ಲಿ ಎರಡು ವರ್ಷದಿಂದ ನಾನು ಕೂರುತ್ತಿದ್ದೇನೆ. ಅವರಿಗೆ ಮಂಡಿನೋವು. ಬೆಳಿಗ್ಗೆ ಸ್ವಲ್ಪ ಹೊತ್ತು ಬಂದು ಹೋಗುತ್ತಾರೆ.

ನನ್ನ ಪ್ರಶ್ನೆ ಉದ್ರಿಯದ್ದು. ನಮ್ಮ ಗಿರಾಕಿಗಳೆಲ್ಲ ಅಡಿಕೆ ತೋಟದವರು. ಮಳೆ ಹಿಡಿಯುವಾಗ, ಕೊಳೆರೋಗ ಬಾರದಂತೆ ಹೊಡೆಯುವ ಮೊದಲ ಮದ್ದಿಗೆ (ಮೈಲುತುತ್ತ, ಸುಣ್ಣದ ದ್ರಾವಣ) ಸಾಮಾನು ಒಯ್ಯುತ್ತಾರೆ. ಅಡಿಕೆ ಕೊಯ್ದು, ಒಣಗಿಸಿ, ಮಾರಿದ ಮೇಲೆ ದುಡ್ಡು ಕೊಡುತ್ತಾರೆ. ಅಂದರೆ ಏಳೆಂಟು ತಿಂಗಳು. ಮೊದಲು ಹುಬ್ಬಳ್ಳಿಯ ಹೋಲ್‌ಸೇಲಿನವರೂ ಅಪ್ಪನಿಗೆ ಹಾಗೇ ಕಾಯುತ್ತಿದ್ದರು. ಈಗ ಹದಿನೈದು ದಿನಕ್ಕೆ ಫೋನು ಬರುತ್ತದೆ. ಕಳೆದ ಸಲ ಅಡಿಕೆಗೆ ಕೊಳೆ ಜಾಸ್ತಿ, ಅದರ ಮೇಲೆ ಎಲೆಚುಕ್ಕೆ ರೋಗ. ಅರ್ಧ ಜನರ ಬಾಕಿ ಹಾಗೇ ಮುಂದಕ್ಕೆ ಹೋಯಿತು. ಪುಸ್ತಕದಲ್ಲಿ ಈಗ 3 ಲಕ್ಷ 80 ಸಾವಿರ ನಿಂತಿದೆ. ಅಂಗಡಿಯಲ್ಲಿರುವ ಮಾಲಿಗಿಂತ ಜಾಸ್ತಿ.

ನಮ್ಮ ವ್ಯಾಪಾರ ಇಳಿದದ್ದಕ್ಕೆ ಅಡಿಕೆ ಮಾರಿಕೊಡುವ ಸಹಕಾರಿ ಸೊಸೈಟಿಯನ್ನು ನಾನು ದೂರುವುದಿಲ್ಲ. ತೋಟಗಾರರ ಸೊಸೈಟಿ 1923ರಿಂದ ಇದೆ, ನಮ್ಮ ಅಜ್ಜನೂ ಅಲ್ಲೇ ಅಡಿಕೆ ಹಾಕಿದವರು. ಅಡಿಕೆ ಹಾಕಿದಲ್ಲೇ ಸಾಮಾನೂ ಸಿಕ್ಕರೆ ಜನ ಅಲ್ಲೇ ಕೊಳ್ಳುತ್ತಾರೆ, ಸಹಜ. ಆದರೆ ನಮ್ಮ ಸಾಲಿನಲ್ಲಿ ನನಗೆ ಗೊತ್ತಿರುವ ಹಾಗೆ ನಾಲ್ಕು ಅಂಗಡಿ ಮುಚ್ಚಿದವು. ಮಾರಿಕಾಂಬಾ ಜಾತ್ರೆ ವರ್ಷ ಒಂದಿಷ್ಟು ವ್ಯಾಪಾರ ಆಗುತ್ತದೆ ನಿಜ. ಅದು ಎರಡು ವರ್ಷಕ್ಕೊಮ್ಮೆ, ಅಲ್ವಾ?

ತಮ್ಮ ಬೆಂಗಳೂರಲ್ಲಿದ್ದಾನೆ. "ಅಕ್ಕಾ, ನಾಳೆಯಿಂದ ಉದ್ರಿ ಇಲ್ಲ ಅಂತ ಬೋರ್ಡ್ ಹಾಕು. ಆಗದಿದ್ದರೆ ಬಾಗಿಲು ಹಾಕಿ ಬಾಡಿಗೆಗೆ ಕೊಡು" ಅನ್ನುತ್ತಾನೆ. ಜಾಗ ನಮ್ಮದೇ.

ಕಳೆದ ಮಂಗಳವಾರ ಸಂತೆಗೆ ಬಂದವರಲ್ಲಿ ವಾನಳ್ಳಿ ಕಡೆಯ ಕೊನೆಗೌಡರೊಬ್ಬರಿದ್ದರು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು. ಯಾರೋ ಆನ್‌ಲೈನಿನಲ್ಲಿ ತರಿಸಿಕೊಟ್ಟ ಕತ್ತಿ, ಹಿಡಿ ಅಲ್ಲಾಡುತ್ತಿತ್ತು. ಅಪ್ಪ ಹಿಡಿ ಕಳಚಿದರು. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿದರು. ಕತ್ತಿಯ ಬುಡ ಕೆಂಪಗೆ ಕಾಯಿಸಿ ಒತ್ತಿ ಕೂರಿಸಿದರು. ಸುಟ್ಟ ಅರಗಿನ ವಾಸನೆ ಅಂಗಡಿ ತುಂಬಿತು. ಆರಿದ ಮೇಲೆ "ಹಿಡಿದು ನೋಡು" ಎಂದು ಅವರ ಕೈಗೆ ಕೊಟ್ಟರು. ಅವರು ಎರಡು ಸಲ ಬೀಸಿದರು, ಏನೂ ಹೇಳಲಿಲ್ಲ. ಅಪ್ಪನೇ ಮತ್ತೆ ಇಸಕೊಂಡು, ಹಿಡಿಯಲ್ಲಿ ಹೆಬ್ಬೆರಳು ಕೂರುವ ಜಾಗವನ್ನು ಒಂದೆಳೆ ಕೆತ್ತಿದರು. ಆಗ ಅವರ ಮುಖ ಅರಳಿತು. ಮರದ ತುದಿಯಲ್ಲಿ ಒಂದೇ ಕೈಯಲ್ಲಿ ಹಿಡಿಯುವ ಕತ್ತಿ ಅದು. ಜಾರಿದರೆ ಕೆಳಗೆ ಮಿಣಿ ಹಿಡಿದು ನಿಂತವನ ತಲೆ ಮೇಲೆ. ಅಪ್ಪ ತಗೊಂಡದ್ದು 40 ರೂಪಾಯಿ. ಅವರು ಅಲ್ಲೇ ಕೊಟ್ಟು ಹೋದರು.

ಇದನ್ನು ಬಿಟ್ಟು ಬಾಡಿಗೆ ಎಣಿಸಲು ನನಗೆ ಮನಸ್ಸಿಲ್ಲ. ಪೇಟೆಯಲ್ಲಿ ಅಂಗಡಿ ನಡೆಸಿದವರು ಹೇಳಿ. ಉದ್ರಿ ನಿಲ್ಲಿಸಿದರೆ ಏನಾಗುತ್ತದೆ?

ಪಾತ್ರೆ ಅಂಗಡಿ, ಕಾರವಾರ

ನಾನು 2020ರ ಲಾಕ್‌ಡೌನ್ ಮುಗಿದ ಮೇಲೆ ಒಂದೇ ಸಲಕ್ಕೆ ನಿಲ್ಲಿಸಿದೆ. ಅದು ತಪ್ಪಾಯಿತು ತಂಗಿ. ಬಾಕಿ ಇದ್ದವರು ಬಾಕಿ ಕೊಡಲಿಲ್ಲ, ನಗದು ವ್ಯಾಪಾರಕ್ಕೂ ಬರಲಿಲ್ಲ. ನಾಚಿಕೆಗೆ ರಸ್ತೆಯ ಆಚೆ ಬದಿಯಿಂದ ಹೋಗುತ್ತಿದ್ದರು. ಎಷ್ಟೋ ವರ್ಷದ ಪರಿಚಯದವರು. ಆಮೇಲೆ ನಾನೇ ಕರೆದು ಮಾತಾಡಿಸಬೇಕಾಯಿತು. "ಹಳೆಯದು ನಿಧಾನಕ್ಕೆ ಕೊಡಿ, ಹೊಸದು ಮಾತ್ರ ನಗದು" ಎಂದೆ. ಆಗ ಬರತೊಡಗಿದರು.

ಆದರೆ ನಮ್ಮ ಊರಿನ ಲೆಕ್ಕ ಬೇರೆ. ಇಲ್ಲಿ ನೌಕಾನೆಲೆ, ಕೈಗಾ ಅಣುಸ್ಥಾವರ, ಸರ್ಕಾರಿ ಕಚೇರಿ ಎಂದು ತಿಂಗಳ ಸಂಬಳದವರು ಜಾಸ್ತಿ. ನಿಮ್ಮವರ ಸಂಬಳ ವರ್ಷಕ್ಕೊಂದು ಸಲ ಮರದಲ್ಲಿ ಬರುತ್ತದೆ. ಪೂರಾ ನಗದು ನಡೆಯುವುದಿಲ್ಲ. ಪ್ರತಿ ಮನೆಗೆ ಇಷ್ಟೇ ಎಂದು ಮಿತಿ ಹಾಕಿ. ಮತ್ತೆ ಆ 40 ರೂಪಾಯಿ ದಯವಿಟ್ಟು ನೂರು ಮಾಡಿ. ರಿಪೇರಿಗೆ ಯಾರೂ ಉದ್ರಿ ಹೇಳುವುದಿಲ್ಲ.

ಲೆಕ್ಕ ಬರೆಯುವವನು, ಕುಮಟಾ

ಎರಡು ಮಾತು. ಒಂದು, ಉದ್ರಿ ಸಾಮಾನಿನ ಬಾಕಿಗೆ ಕೋರ್ಟಿಗೆ ಹೋಗಲು ಕಾನೂನಿನಲ್ಲಿ ಮೂರು ವರ್ಷದ ಮಿತಿ ಇದೆ. ಅದರೊಳಗೆ ಗಿರಾಕಿ "ಇಷ್ಟು ಬಾಕಿ ಹೌದು" ಎಂದು ಬರಹದಲ್ಲಿ ಒಪ್ಪಿ ಸಹಿ ಮಾಡಿದರೆ, ಆ ದಿನದಿಂದ ಮತ್ತೆ ಮೂರು ವರ್ಷ. ನೀವು ಕೋರ್ಟಿಗೆ ಹೋಗುವವರಲ್ಲ, ಗೊತ್ತು. ಆದರೂ ದೀಪಾವಳಿಯ ಅಂಗಡಿ ಪೂಜೆಗೆ ಹೊಸ ಪುಸ್ತಕ ಮಾಡುವಾಗ ಹಳೇ ಬಾಕಿಗೆ ಒಂದು ಸಹಿ ತಗೊಳ್ಳಿ. ಸಹಿ ಮಾಡಿದವರಿಗೆ ಬಾಕಿಯ ನೆನಪು ಇರುತ್ತದೆ.

ಇನ್ನೊಂದು, ಬಡ್ಡಿ. 3,80,000ಕ್ಕೆ ವರ್ಷಕ್ಕೆ ನೂರಕ್ಕೆ 12 ಎಂದು ಹಿಡಿದರೂ ಎಂಟು ತಿಂಗಳಿಗೆ 30,400 ರೂಪಾಯಿ. ಅಷ್ಟನ್ನು ಈಗ ನಿಮ್ಮ ಮನೆಯಿಂದ ಕೊಡುತ್ತಿದ್ದೀರಿ. ಮನೆಖರ್ಚಿನ ದುಡ್ಡಲ್ಲಿ ಉದ್ರಿ ನಡೆಸಬೇಡಿ. ಬ್ಯಾಂಕಿನಲ್ಲಿ ಮುದ್ರಾ ಸಾಲ (ಸಣ್ಣ ವ್ಯಾಪಾರಕ್ಕೆ ಸರ್ಕಾರದ ಯೋಜನೆ) ಕೇಳಿ. ಕಿಶೋರ್ ವಿಭಾಗದಲ್ಲಿ 50 ಸಾವಿರದಿಂದ 5 ಲಕ್ಷದವರೆಗೆ ಇದೆ, ಅಡವು ಬೇಕಿಲ್ಲ.

ತೋಟದವ, ಸಾಲ್ಕಣಿ

ನನಗೂ ಪೇಟೆಯ ಒಂದು ಅಂಗಡಿಯಲ್ಲಿ ಬಾಕಿ ಇದೆ. ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಕೊಡಬಾರದು ಅಂತಲ್ಲ. ಪೂರ್ತಿ ಕೂಡಿಸಿಕೊಂಡೇ ಹೋಗೋಣ ಎಂದು ಕಾದೆ, ಕಾದಷ್ಟೂ ಹೋಗುವುದು ಕಷ್ಟವಾಯಿತು. ಅವರು ಒಂದು ಸಲ "ಅರ್ಧ ಕೊಡಿ ಸಾಕು" ಎಂದಿದ್ದರೆ ಅವತ್ತೇ ಕೊಡುತ್ತಿದ್ದೆ. ನೀವು ಹಾಗೆ ಕೇಳಿ.

ಮೈಲುತುತ್ತ ಎಲ್ಲಾದರೂ ಸಿಗುತ್ತದೆ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ ಎಂದು ಚೀಟಿಯಲ್ಲೂ ಬರೆದಿರುತ್ತದೆ. ಆದರೆ ದ್ರಾವಣಕ್ಕೆ ಕತ್ತಿಯ ತುದಿ ಅದ್ದಿ ನೋಡು, ಕೆಂಪಗಾದರೆ ಸುಣ್ಣ ಸಾಲದು ಎಂದು ನನಗೆ ಹೇಳಿಕೊಟ್ಟದ್ದು ನಿಮ್ಮಪ್ಪನಂಥ ಅಂಗಡಿಯವರೇ. ಈಗ ಎಷ್ಟೋ ತೋಟಕ್ಕೆ ನೆಲದಲ್ಲಿ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಜಾಯಿಂಟ್ ಸಡಿಲಾದರೆ, ತುದಿಯ ಕತ್ತಿ ಮೊಂಡಾದರೆ ನಮ್ಮ ಹತ್ತಿರದಲ್ಲಿ ನೋಡುವವರಿಲ್ಲ. ಅದನ್ನು ಕಲಿಯಿರಿ.

ಪೇಟೆ ಮಗಳು, ಶಿರಸಿ

ಎಲ್ಲರಿಗೂ ತುಂಬಾ ಉಪಕಾರ. ನಿನ್ನೆ ರಾತ್ರಿ ಅಪ್ಪನನ್ನು ಕೂರಿಸಿಕೊಂಡು ಪುಸ್ತಕ ಪೂರ್ತಿ ನೋಡಿದೆ. 64 ಖಾತೆ. ಹನ್ನೊಂದಕ್ಕೆ ಅಪ್ಪ ತಾವೇ ಅಡ್ಡಗೆರೆ ಎಳೆದರು. "ಇವರ ಹತ್ತಿರ ಕೇಳಬೇಡ" ಎಂದರು. ಒಬ್ಬರ ತೋಟ ಧರೆ ಕುಸಿದು ಹೋಗಿದೆ. ಇನ್ನೊಬ್ಬರು ಗಂಡ ತೀರಿಕೊಂಡ ಮೇಲೆ ಒಬ್ಬರೇ ನಡೆಸುತ್ತಿದ್ದಾರೆ. ನಾನು ವಾದ ಮಾಡಲಿಲ್ಲ. ಉಳಿದ 53 ಮನೆಗೆ ಅರ್ಧ ಕೇಳುತ್ತೇನೆ, ಫೋನಿನಲ್ಲಿ ಅಲ್ಲ, ಸಂತೆಗೆ ಬಂದಾಗ ಎದುರಿಗೆ. ಹೊಸ ಉದ್ರಿಗೆ ಮನೆಗೆ 5 ಸಾವಿರದ ಮಿತಿ. ರಿಪೇರಿ ನೂರು ಎಂದಾಗ ಅಪ್ಪ ಒಪ್ಪಲಿಲ್ಲ. ಎಂಬತ್ತಕ್ಕೆ ನಿಂತಿದೆ.

ಸಾಲ್ಕಣಿ ಅಣ್ಣ, ನಿಮ್ಮ ದೋಟಿಯ ಸಡಿಲಾದ ಜಾಯಿಂಟ್ ಇದ್ದರೆ ಮಂಗಳವಾರ ತನ್ನಿ. ಅಪ್ಪ ಹನ್ನೊಂದರ ತನಕ ಇರುತ್ತಾರೆ. ದುಡ್ಡು ಬೇಡ, ಬಿಚ್ಚಿ ನೋಡಬೇಕು.