ಹೆಡರ್ ಲೀಕ್: ಮೂರನೇ ಗ್ಯಾಸ್ಕೆಟ್ ತರುವ ಮೊದಲು

ಪ್ರಶ್ನೆ: ಹಳೇ ಕಾರ್ಬ್ಯುರೇಟರ್ ಕಾರು, ನಾಲ್ಕು ಸಿಲಿಂಡರ್. ಎಂಜಿನ್ನಿನ ಹೊಗೆ ಹೊರಗೊಯ್ಯುವ ಎರಕದ ಮ್ಯಾನಿಫೋಲ್ಡ್ ತೆಗೆದು, ಆ ಜಾಗಕ್ಕೆ ಸಿಲಿಂಡರಿಗೊಂದು ಪೈಪಿರುವ ಹೆಡರ್ ಹಾಕಿದ್ದೇನೆ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು, ಹತ್ತು ನಿಮಿಷ ಓಡಿದರೆ ಅಡಗುತ್ತದೆ. ಎರಡು ಗ್ಯಾಸ್ಕೆಟ್ (ಎಂಜಿನ್ನಿಗೂ ಹೆಡರಿಗೂ ನಡುವೆ ಸೋರದಂತೆ ಇಡುವ ಹಾಳೆ) ಸುಟ್ಟವು. ಈ ಪಾಡು ಪಟ್ಟವರು ಏನು ಮಾಡಿದಿರಿ?

●

ಮೂರನೆಯದು ತರಬೇಡಿ, ಫ್ಲ್ಯಾಂಜ್ ನೋಡಿ, ಅಂದರೆ ಹೆಡರನ್ನು ಎಂಜಿನ್ನಿಗೆ ಬಿಗಿಯುವ ಚಪ್ಪಟೆ ತಟ್ಟೆ. ಗ್ಯಾಸ್ಕೆಟ್ಟನ್ನೇ ಬೈಯುತ್ತಾ ನಾನೂ ಒಂದು ವರ್ಷ ಕಳೆದವನು. ಕೊನೆಗೆ ಹೆಡರ್ ಬಿಚ್ಚಿ, ಫ್ಲ್ಯಾಂಜ್ ಮುಖದ ಮೇಲೆ ಉಕ್ಕಿನ ಸ್ಕೇಲ್ ನಿಲ್ಲಿಸಿ ಬೆಳಕಿಗೆ ಹಿಡಿದರೆ, ಎರಡೂ ತುದಿಯಲ್ಲಿ ಕೂದಲೆಳೆಯಂಥ ಬೆಳಕು. 0.5 ಮಿ.ಮೀ. ಫೀಲರ್ ಗೇಜ್ (ಸಂದು ಅಳೆಯುವ ತೆಳು ಉಕ್ಕಿನ ಪಟ್ಟಿ) ಸಲೀಸಾಗಿ ನುಗ್ಗಿತು. ಪೈಪ್ ವೆಲ್ಡ್ ಮಾಡುವಾಗ ಕಾವಿಗೆ ಫ್ಲ್ಯಾಂಜ್ ಎಳೆದುಕೊಂಡು ಬಾಗುತ್ತದೆ, ತೆಳುವಾದಷ್ಟೂ ಜಾಸ್ತಿ. ಎಂಜಿನ್ ಕಾದಾಗ ಲೋಹ ಹಿಗ್ಗಿ ಸಂದು ಮುಚ್ಚುತ್ತದೆ, ಅದಕ್ಕೇ ಸದ್ದು ಅಡಗುವುದು. ವಾಸಿಯಾಯಿತು ಅಂತಲ್ಲ.

ದಪ್ಪ ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ ಉಜ್ಜಿದೆ. ಮೊದಲು ಮುಖದ ತುಂಬ ಮಾರ್ಕರ್ ಗೀಚಿಕೊಳ್ಳಿ; ಬಣ್ಣ ಉಳಿದ ಕಡೆ ತಗ್ಗು. ಎರಡು ಸಂಜೆ ಹಿಡಿಯಿತು, ತೋಳು ಬಿದ್ದುಹೋಯಿತು. ತೀರಾ ಬಾಗಿದ್ದರೆ ಪೋರ್ಟುಗಳ (ಹೊಗೆ ಹೊರಬರುವ ತೂತುಗಳ) ನಡುವೆ ಫ್ಲ್ಯಾಂಜನ್ನು ಕತ್ತರಿಸುವವರೂ ಇದ್ದಾರೆ, ಪ್ರತಿ ಪೈಪೂ ತನ್ನಷ್ಟಕ್ಕೆ ಕೂರಲಿ ಅಂತ.

●

ಬಿಚ್ಚುವ ಮೊದಲು ಸೋರುವ ಜಾಗ ಪತ್ತೆ ಮಾಡಿ. ತಣ್ಣಗಿನ ಎಂಜಿನ್, ವ್ಯಾಕ್ಯೂಮ್ ಕ್ಲೀನರಿನ ಊದುವ ಬಾಯಿ ಸೈಲೆನ್ಸರ್ ತುದಿಗೆ, ಜೋಡಣೆಗಳ ಮೇಲೆಲ್ಲ ಸೋಪಿನ ನೀರು. ಗುಳ್ಳೆ ಎದ್ದಲ್ಲಿ ಲೀಕ್. ನನ್ನದರಲ್ಲಿ ಕೆಳಗಡೆ ನಾಲ್ಕೂ ಪೈಪ್ ಸೇರುವಲ್ಲಿ ಎದ್ದಿತ್ತು. ಮೇಲೆ ಎಂಜಿನ್ ಕಡೆಯ ಗ್ಯಾಸ್ಕೆಟ್ ಬದಲಿಸಿದ್ದೆಲ್ಲ ದಂಡ. ಬಿಚ್ಚಿದ ಗ್ಯಾಸ್ಕೆಟ್ಟಿನ ಮೇಲೂ ಮಸಿಯ ಗೆರೆ ಯಾವ ಪೋರ್ಟಿನಿಂದ ಹೊರಗೆ ಓಡಿದೆ ಎಂದು ನೋಡಿ.

●

ಸಿಲಿಕೋನ್ ಪೇಸ್ಟ್ ಮೆತ್ತಬೇಡಿ. ಪೋರ್ಟಿನ ಕಾವಿಗೆ ಅದು ತಡೆಯಲ್ಲ.

●

ನಡುವಿನ ನಟ್‌ನಿಂದ ಶುರುಮಾಡಿ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಒಮ್ಮೆ ಚೆನ್ನಾಗಿ ಕಾಯಿಸಿ, ಪೂರ್ತಿ ತಣ್ಣಗಾದ ಮೇಲೆ ಮತ್ತೆ ಟಾರ್ಕ್ (ನಟ್ಟಿನ ಬಿಗಿ) ನೋಡಿ. ನನ್ನದು ಪ್ರತಿ ನಟ್ಟೂ ಕಾಲು ಸುತ್ತು ತಿರುಗಿತು. ಇದೊಂದನ್ನು ಬಿಟ್ಟವರೇ ಮತ್ತೆ ಗ್ಯಾಸ್ಕೆಟ್ ಸುಡಿಸಿಕೊಳ್ಳುವುದು.

ತುಕ್ಕು ಹಿಡಿದ ಸ್ಟಡ್ಡಿಗೆ (ಎಂಜಿನ್ನಿಗೆ ತಿರುಚಿರುವ, ನಟ್ ಕೂರುವ ಕಡ್ಡಿ) ಹಿಂದಿನ ರಾತ್ರಿಯೇ ತುಕ್ಕಿನೊಳಗೆ ಇಳಿಯುವ ಪೆನಿಟ್ರೇಟಿಂಗ್ ಆಯಿಲ್ ಬಿಡಿ. ಮುರಿದು ಚೂರು ಹೊರಗಿದ್ದರೆ ಅದರ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಬ್ಯಾಟರಿ ವೈರ್ ತೆಗೆದೇ. ಆ ಬಿಸಿಗೇ ಅರ್ಧ ಹಿಡಿತ ಸಡಿಲವಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಸ್ಟಡ್ ತೂತು ನೀರಿನ ದಾರಿಗೇ ತೆರೆದಿರುತ್ತದೆ. ಅಲ್ಲಿ ಥ್ರೆಡ್ ಸೀಲರ್ ಮರೆತರೆ ಕೂಲೆಂಟ್ ಒಸರುತ್ತದೆ.

●

ಸರಿಯಾಗುವ ತನಕ ಕಿಟಕಿ ಇಳಿಸಿ ಓಡಿಸಿ, ಗ್ಯಾರೇಜಿನೊಳಗೆ ಚಾಲೂ ಇಡಬೇಡಿ. ಹಳೇ ಕಾರಿನ ಫೈರ್‌ವಾಲ್‌ನಲ್ಲಿ (ಎಂಜಿನ್ನಿಗೂ ನಾವು ಕೂರುವ ಜಾಗಕ್ಕೂ ನಡುವಿನ ಗೋಡೆ) ತೂತು ಬೇಕಾದಷ್ಟು, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ.

●

ಕೇಳಿದವನು: ಸ್ಕೇಲ್ ಇಟ್ಟು ನೋಡಿದೆ. ನಾಲ್ಕನೇ ಪೋರ್ಟ್ ಹತ್ತಿರ 0.3 ಗೇಜ್ ಒಳಗೆ ಹೋಗುತ್ತಿದೆ. ಬಿಚ್ಚುವಾಗ ಒಂದು ಸ್ಟಡ್ ಮುರಿಯಿತು. ಎಣ್ಣೆ ಬಿಟ್ಟು ಕೂತಿದ್ದೇನೆ.