ಆಲನ್ ಮೂರ್ ಅವರ ಹೆಸರು ಸಿನಿಮಾಗಳಲ್ಲಿ ಏಕಿಲ್ಲ?

ಪ್ರಶ್ನೆ:
ಇಂಗ್ಲೆಂಡಿನ ನಾರ್ಥಾಂಪ್ಟನ್ ನಗರದ ಲೇಖಕ ಆಲನ್ ಮೂರ್ ಅವರ ‘ವಾಚ್‌ಮೆನ್’ ಎಂಬ ಕಾಮಿಕ್ಸ್ ಕೃತಿಯನ್ನು ಓದಿದ ಮೇಲೆ, ಅದನ್ನು ಆಧರಿಸಿದ 2009ರ ಸಿನಿಮಾವನ್ನು ನೋಡಿದೆ. ಅಲ್ಲಿ ಚಿತ್ರಕಾರ ಡೇವ್ ಗಿಬ್ಬನ್ಸ್ ಅವರ ಹೆಸರಿದೆ, ಕಥೆ ಬರೆದವರದಿಲ್ಲ. ಪ್ರಕಾಶಕರು ಮೂರ್ ಅವರಿಗೆ ಮೋಸ ಮಾಡಿದರೆಂದು ಕೆಲವರು ಹೇಳಿದರೆ, ತಾವೇ ಸಹಿ ಹಾಕಿದ ಒಪ್ಪಂದವನ್ನು ಆಮೇಲೆ ದೂರುವುದು ನ್ಯಾಯವಲ್ಲವೆಂದು ಇನ್ನು ಕೆಲವರು ಹೇಳುತ್ತಾರೆ. ಬಲ್ಲವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಜಗಳದ ಮೂಲ ಒಂದೇ ಒಂದು ಷರತ್ತಿನಲ್ಲಿದೆ. ಡಿಸಿ ಕಾಮಿಕ್ಸ್ ಸಂಸ್ಥೆಯು 1986–87ರಲ್ಲಿ ಈ ಕಥೆಯನ್ನು 12 ಸಂಚಿಕೆಗಳಲ್ಲಿ ಪ್ರಕಟಿಸಿತು. ಮುದ್ರಣ ನಿಂತು ನಿಗದಿತ ಅವಧಿ ಕಳೆದರೆ ಹಕ್ಕುಗಳು ಮೂರ್ ಮತ್ತು ಗಿಬ್ಬನ್ಸ್ ಅವರಿಗೆ ಮರಳುತ್ತವೆ ಎಂದು ಒಪ್ಪಂದದಲ್ಲಿತ್ತು. ಕಾಮಿಕ್ಸ್ ಸಂಚಿಕೆಗಳು ಅಂಗಡಿಗೆ ಬಂದು ಕೆಲವೇ ವಾರಗಳಲ್ಲಿ ಮರೆಯಾಗುತ್ತಿದ್ದ ಆ ಕಾಲದಲ್ಲಿ, ಹಕ್ಕು ಬೇಗನೆ ಕೈಸೇರುತ್ತದೆಂದು ಇಬ್ಬರೂ ನಂಬಿದ್ದು ಸಹಜ. ಆದರೆ 1987ರಲ್ಲಿ ಎಲ್ಲ ಸಂಚಿಕೆಗಳೂ ಸೇರಿ ಒಂದೇ ಪುಸ್ತಕವಾಗಿ ಬಂದವು. ಆ ಪುಸ್ತಕದ ಮುದ್ರಣ ಇಂದಿಗೂ ನಿಂತಿಲ್ಲ. ಕೃತಿ ಗೆದ್ದದ್ದರಿಂದಲೇ ಅದು ಬರೆದವರ ಕೈತಪ್ಪಿತು. ಒಪ್ಪಂದದ ಅಕ್ಷರಕ್ಕೆ ಭಂಗ ಬಂದಿಲ್ಲವಾದರೂ, ಸಹಿ ಹಾಕುವಾಗ ಇದ್ದ ವಿಶ್ವಾಸಕ್ಕೆ ಬಂದಿದೆ ಎಂದೇ ನನ್ನ ದೃಢವಾದ ಅಭಿಪ್ರಾಯ. ಕಾಮಿಕ್ಸ್‌ಗಳಿಗೆ ಯಾವ ವಯಸ್ಸಿನವರು ಓದಬಹುದೆಂಬ ಗುರುತು ಹಾಕುವ ಪ್ರಸ್ತಾಪವೂ ಇದರ ಜೊತೆ ಸೇರಿ, ಮೂರ್ ಅವರು ಆ ದಶಕದ ಕೊನೆಗೆ ಡಿಸಿಯನ್ನು ತೊರೆದರು.

ಉತ್ತರ 2:
ಸಿನಿಮಾಗಳ ವಿಷಯಕ್ಕೆ ಬೇರೊಂದು ಕಾರಣವೂ ಇದೆ. ಮೂರ್ ಅವರ ಇನ್ನೊಂದು ಕಾಮಿಕ್ಸ್ ‘ದ ಲೀಗ್ ಆಫ್ ಎಕ್ಸ್‌ಟ್ರಾಆರ್ಡಿನರಿ ಜಂಟಲ್‌ಮೆನ್’ 2003ರಲ್ಲಿ ಸಿನಿಮಾ ಆದಾಗ, ಕಥೆ ತಮ್ಮದೆಂದು ಬೇರೆಯವರು ನಿರ್ಮಾಪಕರ ಮೇಲೆ ದಾವೆ ಹೂಡಿದರು. ಮೂರ್ ಅವರು ಗಂಟೆಗಟ್ಟಲೆ ಸಾಕ್ಷ್ಯ ನುಡಿಯಬೇಕಾಯಿತು. ತಾವು ಮಾಡದ ಸಿನಿಮಾಕ್ಕಾಗಿ ತಪ್ಪಿತಸ್ಥರಂತೆ ಉತ್ತರಿಸಬೇಕಾಗಿ ಬಂದದ್ದು ಅವರನ್ನು ಬಹಳ ನೋಯಿಸಿತು. ಆಮೇಲೆ ಅವರು, ಹಕ್ಕು ತಮ್ಮ ಕೈಯಲ್ಲಿಲ್ಲದ ಕೃತಿಗಳ ಸಿನಿಮಾಗಳಲ್ಲಿ ತಮ್ಮ ಹೆಸರು ಬೇಡ, ತಮಗೆ ಬರುವ ಹಣ ಚಿತ್ರಕಾರರಿಗೇ ಹೋಗಲಿ ಎಂದು ನಿರ್ಧರಿಸಿದರು. ಹಾಗಾಗಿ ಅವರದೇ ಕಥೆಯ ‘ವಿ ಫಾರ್ ವೆಂಡೆಟ್ಟಾ’ ಸಿನಿಮಾದಲ್ಲಿಯೂ ಚಿತ್ರಕಾರ ಡೇವಿಡ್ ಲಾಯ್ಡ್ ಅವರ ಹೆಸರು ಮಾತ್ರ ಇದೆ. ಮಾರ್ವೆಲ್ ಸಂಸ್ಥೆಯು ಅವರ ಹಳೆಯ ಕಾಮಿಕ್ಸ್ ‘ಮಿರಾಕಲ್‌ಮನ್’ ಮರುಮುದ್ರಿಸಿದಾಗಲೂ ಅವರ ಹೆಸರಿನ ಬದಲು ‘ಮೂಲ ಲೇಖಕ’ ಎಂದಷ್ಟೇ ಅಚ್ಚಾಯಿತು. ದೊಡ್ಡ ಮೊತ್ತವನ್ನು ಬಿಟ್ಟುಕೊಟ್ಟವರನ್ನು ಹಣಕ್ಕಾಗಿ ಜಗಳವಾಡಿದರೆಂದು ಹೇಳುವುದು ಅನ್ಯಾಯ.

ಉತ್ತರ 3:
ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಎದುರು ಪಕ್ಷದ ವಾದವನ್ನು ತಳ್ಳಿಹಾಕುವಂತಿಲ್ಲ. ‘ವಾಚ್‌ಮೆನ್’ ಪಾತ್ರಗಳು ರೂಪುಗೊಂಡದ್ದೇ ಡಿಸಿ ಖರೀದಿಸಿದ್ದ ಚಾರ್ಲ್‌ಟನ್ ಸಂಸ್ಥೆಯ ಹಳೆಯ ಪಾತ್ರಗಳ ಮಾದರಿಯಲ್ಲಿ; ‘ಲೀಗ್’ನಲ್ಲಿ ಕ್ಯಾಪ್ಟನ್ ನೆಮೊ, ಮೀನಾ ಹಾರ್ಕರ್ ಮುಂತಾದವರು ಹಳೆಯ ಕಾದಂಬರಿಗಳಿಂದ ಬಂದ ಪರರ ಸೃಷ್ಟಿ. 2012ರಲ್ಲಿ ‘ಬಿಫೋರ್ ವಾಚ್‌ಮೆನ್’ ಎಂಬ, ಬೇರೆಯವರು ಬರೆದ ಪೂರ್ವಕಥೆಗಳು ಬಂದಾಗ, ಮೂರ್ ಅವರೂ ಪರರ ಪಾತ್ರಗಳನ್ನು ಬಳಸಿದವರೇ ಎಂಬುದನ್ನೇ ಅವುಗಳ ಪರ ಇದ್ದವರು ಮುಂದಿಟ್ಟರು. ಮೂರ್ ಅವರ ಬರವಣಿಗೆಯ ಮೇಲಿನ ಆಕ್ಷೇಪವೂ ಗಂಭೀರವಾದದ್ದು: 1988ರ ‘ದ ಕಿಲ್ಲಿಂಗ್ ಜೋಕ್’ನಲ್ಲಿ ಬ್ಯಾಟ್‌ಮನ್ ಕಥೆಗಳ ಪಾತ್ರವಾದ ಬಾರ್ಬರಾ ಗಾರ್ಡನ್ ಮೇಲೆ ನಡೆಯುವ ಕ್ರೌರ್ಯವನ್ನು ಓದುಗರು ಇಂದಿಗೂ ಪ್ರಶ್ನಿಸುತ್ತಾರೆ, ಮತ್ತು ಆ ಕೃತಿ ಮೂರ್ ಅವರಿಗೂ ತೃಪ್ತಿ ಕೊಟ್ಟಿಲ್ಲ.

ಆದರೂ ಬಹುಕಾಲದ ಹಿಂದೆ ತೀರಿಕೊಂಡವರ ಪಾತ್ರವನ್ನು ಎತ್ತಿಕೊಳ್ಳುವುದು ಬೇರೆ, ಬದುಕಿರುವ ಲೇಖಕ ಬೇಡವೆನ್ನುತ್ತಿರುವಾಗ ಅವನ ಕಥೆಯನ್ನು ಮುಂದುವರಿಸುವುದು ಬೇರೆ. ಮುಂದಿನ ಕಥೆಗಳಿಗೆ ಒಪ್ಪಿದರೆ ‘ವಾಚ್‌ಮೆನ್’ ಹಕ್ಕನ್ನು ಮರಳಿಸುವುದಾಗಿ ಡಿಸಿ ಹೇಳಿತ್ತೆಂದೂ ತಾವು ನಿರಾಕರಿಸಿದ್ದಾಗಿಯೂ ಮೂರ್ ಅವರು 2010ರ ಸಂದರ್ಶನವೊಂದರಲ್ಲಿ ಹೇಳಿದ್ದಾರೆ. ಬಹಳ ಹಿಂದೆಯೇ ಕೊಡಬೇಕಿದ್ದದ್ದನ್ನು ಆಗ ಷರತ್ತಿನೊಂದಿಗೆ ಪಡೆಯಲು ಅವರು ಸಿದ್ಧರಿರಲಿಲ್ಲ.